ಸುತ್ತು ಎಣಿಸುವ ಮನೆ

ನಮ್ಮ ಅತ್ತೆಯ ಮನೆಯಲ್ಲಿ ಮಾತಿಗಿಂತ ಎಣಿಕೆ ಜಾಸ್ತಿ. ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಅವಳ ಗಂಡ, ಅಂದರೆ ನನ್ನ ಮಾವ, ಸುಟ್ಟುಹೋದ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವವರು. ಈ ಕೆಲಸಕ್ಕೆ ವೈಂಡಿಂಗ್ ಎನ್ನುತ್ತಾರೆ. ಬೀದಿಗೆ ಅಂಟಿಕೊಂಡಂತೆ ಅಂಗಡಿ, ಅಂಗಡಿಯ ಹಿಂದೆ ಅಡುಗೆಮನೆ, ಕಿರಿದಾದ ಮೆಟ್ಟಿಲು ಹತ್ತಿದರೆ ಮಲಗುವ ಕೋಣೆ. ಇಷ್ಟೇ ಮನೆ. ದಾರಿಯಲ್ಲಿ ಹೋಗುವವರಿಗೆ ಒಳಗಿನಿಂದ "ಹದಿನೇಳು, ಹದಿನೆಂಟು, ಹತ್ತೊಂಬತ್ತು" ಎಂಬ ದಪ್ಪ ದನಿ ಕೇಳುತ್ತಿತ್ತು. ಹೊಸಬರು ಇಲ್ಲಿ ಯಾರೋ ಮಕ್ಕಳಿಗೆ ಪಾಠ ಹೇಳುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು.

ಎಣಿಕೆ ನಡೆಯುವಾಗ ಮಾವನನ್ನು ಮಾತಾಡಿಸಬಾರದು ಎಂಬುದು ಆ ಮನೆಯ ಕಟ್ಟಳೆ. ಮಾತಾಡಿಸಿದರೂ ಉತ್ತರ ಅಂಕಿಯಲ್ಲೇ ಬರುತ್ತಿತ್ತು. ಅತ್ತೆ ಅಡುಗೆಮನೆಯಿಂದ "ರೀ, ಊಟಕ್ಕೆ ಏಳ್ತೀರಾ?" ಎಂದು ಕೂಗುವಳು. ಮಾವ "ಐವತ್ತೆರಡು" ಎನ್ನುವರು. ಆ ಒಂದು ಅಂಕಿಯ ದನಿಯಲ್ಲೇ ಅವಳಿಗೆ ಎಲ್ಲ ತಿಳಿದುಬಿಡುತ್ತಿತ್ತು. ಹಸಿವಾಗಿದೆಯೋ, ಸಿಟ್ಟು ಬಂದಿದೆಯೋ, ತಂತಿ ತೊಡಕಾಗಿದೆಯೋ, ಎಲ್ಲವೂ. "ಆಯ್ತು, ಮುಗಿಸ್ಕೊಂಡು ಬನ್ನಿ" ಎಂದು ತಟ್ಟೆಯ ಮೇಲೆ ತಟ್ಟೆ ಮುಚ್ಚಿಡುತ್ತಿದ್ದಳು.

ಎದುರಂಗಡಿಯ ಟೈಲರ್ ಮಾವನ ಜೀವದ ಗೆಳೆಯ. ಅವನಿಗೆ ಒಂದೇ ಚಟ. ಮಾವ ಎಣಿಸುವಾಗ ಅಲ್ಲಿಂದಲೇ "ಎಪ್ಪತ್ತು! ಹದಿಮೂರು!" ಎಂದು ಸುಳ್ಳು ಅಂಕಿ ಕೂಗುವುದು. ಮಾವ ಒಮ್ಮೆಯೂ ಎಡವಲಿಲ್ಲ. ಸುರುಳಿ ಮುಗಿದ ಮೇಲೆ ನಿಧಾನವಾಗಿ ರಸ್ತೆ ದಾಟಿ, ಟೈಲರ್ ಗಿರಾಕಿಯ ಅಳತೆ ತೆಗೆಯುವಾಗ ಅವನ ಕಿವಿಯ ಬಳಿ ನಿಂತು ಬೇರೆಯದೇ ಅಳತೆ ಗೊಣಗಿ ಸೇಡು ತೀರಿಸಿಕೊಳ್ಳುತ್ತಿದ್ದರು. ಯಾರದೋ ಪ್ಯಾಂಟು ಮೊಣಕಾಲಿನವರೆಗೆ ಬಂದದ್ದೂ ಉಂಟು. ಸುತ್ತುವ ಯಂತ್ರದಲ್ಲೇ ಸುತ್ತು ತೋರಿಸುವ ಮೀಟರ್ ಇತ್ತಲ್ಲ, ಅದನ್ನು ನೋಡಬಾರದೇ ಎಂದು ಕೇಳಿದರೆ, "ಅದರ ಹಲ್ಲು ಸವೆದಿದೆ, ನನ್ನ ಹಲ್ಲು ಇನ್ನೂ ಗಟ್ಟಿಯಾಗಿದೆ" ಎನ್ನುತ್ತಿದ್ದರು.

ಒಂದು ಸುತ್ತು ಹೆಚ್ಚುಕಡಿಮೆಯಾದರೆ ಆಕಾಶ ಕಳಚಿ ಬೀಳುತ್ತದೆಯೇ ಎಂದು ನೀವು ಕೇಳಬಹುದು. ಕೇಳದಿದ್ದರೂ ಹೇಳುತ್ತೇನೆ, ಇದು ತಿಳಿಯದಿದ್ದರೆ ಮುಂದಿನದು ಏನೂ ತಿಳಿಯುವುದಿಲ್ಲ.

ತಾಮ್ರದ ತಂತಿಯಲ್ಲಿ ವಿದ್ಯುತ್ ಹರಿದರೆ ಅದರ ಸುತ್ತ ಆಯಸ್ಕಾಂತದ ಶಕ್ತಿ ಹುಟ್ಟುತ್ತದೆ. ಒಂದೇ ಎಳೆಯಲ್ಲಿ ಅದು ಎಷ್ಟು ಮಹಾ? ಒಂದು ಗುಂಡುಸೂಜಿಯನ್ನೂ ಎತ್ತಲಾರದು. ಅದೇ ತಂತಿಯನ್ನು ಸುರುಳಿಯಾಗಿ ಸುತ್ತಿದರೆ ಒಂದೊಂದು ಸುತ್ತಿನ ಶಕ್ತಿಯೂ ಕೂಡಿಕೊಳ್ಳುತ್ತದೆ. ಮೋಟಾರಿನ ಒಳಗೆ ಇಂಥ ಸುರುಳಿಗಳು ದುಂಡಗೆ ಕುಳಿತಿರುತ್ತವೆ. ಅವು ಸರದಿಯಂತೆ ಎಳೆಯುವುದರಿಂದ ನಡುವಿನ ದಿಂಡು ತಿರುಗುತ್ತದೆ. ಫ್ಯಾನ್, ಮಿಕ್ಸಿ, ನೀರೆತ್ತುವ ಪಂಪು, ಲಿಫ್ಟು, ಕರೆಂಟಿನ ರೈಲು, ಎಲ್ಲವನ್ನೂ ತಿರುಗಿಸುವುದು ಹೀಗೆ ಸುತ್ತಿದ ತಂತಿಯೇ. ಒಂದು ಸುರುಳಿಯಲ್ಲಿ ಸುತ್ತು ತಪ್ಪಿದರೆ ಅದರ ಎಳೆತ ಉಳಿದವುಗಳಿಗೆ ಹೊಂದುವುದಿಲ್ಲ. ಮೋಟಾರು ಗುರುಗುಟ್ಟುತ್ತದೆ, ಬಿಸಿಯಾಗುತ್ತದೆ, ತಪ್ಪು ಹೆಚ್ಚಾಗಿದ್ದರೆ ಸುಟ್ಟೇ ಹೋಗುತ್ತದೆ. ನಾವು ಸುತ್ತಿದ ಮೋಟಾರು ನಮ್ಮ ಬಾಗಿಲಿಗೇ ವಾಪಸು ಬರುವುದೆಂದರೆ ಮಾವನಿಗೆ ಪ್ರಾಣಸಂಕಟ.

ಇನ್ನು, ತಂತಿ ತಾಮ್ರದ್ದೇ ಏಕೆ? ವಿದ್ಯುತ್ತಿಗೆ ಅದರಲ್ಲಿ ಓಡುವುದು ಸಲೀಸು. ತಾಮ್ರಕ್ಕಿಂತ ಒಂದು ಕೈ ಮೇಲೆ ಎನ್ನಬಹುದಾದದ್ದು ಬೆಳ್ಳಿ. ಆದರೆ ಬೆಳ್ಳಿ ಸುತ್ತಿದ ಫ್ಯಾನನ್ನು ಸೂರಿಗೆ ನೇತುಹಾಕುವ ಬದಲು ಕಪಾಟಿನಲ್ಲಿಟ್ಟು ಬೀಗ ಹಾಕಬೇಕಾದೀತು. ಜೊತೆಗೆ ತಾಮ್ರ ಮೆದು ಸ್ವಭಾವದ್ದು. ನೆಲದೊಳಗಿನ ಅದಿರುಕಲ್ಲನ್ನು ಕಾಯಿಸಿ, ಕರಗಿಸಿ, ಶುದ್ಧ ಮಾಡಿದ ಕೆಂಪು ಲೋಹವನ್ನು ಒಂದಕ್ಕಿಂತ ಒಂದು ಸಣ್ಣದಾದ ತೂತುಗಳಲ್ಲಿ ಹಾಯಿಸಿ ಎಳೆಯುತ್ತಾ ಹೋದರೆ ಕೂದಲಿನಷ್ಟು ತೆಳ್ಳಗಾದರೂ ಪಟ್ಟನೆ ತುಂಡಾಗುವುದಿಲ್ಲ. ಬಗ್ಗಿಸಿದ ಕಡೆ ಬಗ್ಗುತ್ತದೆ.

ಮೋಟಾರಿನ ತಂತಿಯ ಮೇಲೆ ತೆಳ್ಳನೆಯ ಲೇಪ ಇರುತ್ತದೆ. ಕೈಯಲ್ಲಿ ಹಿಡಿದರೂ ಗೊತ್ತಾಗುವುದಿಲ್ಲ. ಆ ಲೇಪ ಇರುವುದರಿಂದಲೇ ಪಕ್ಕಪಕ್ಕದ ಸುತ್ತುಗಳು ಒಂದಕ್ಕೊಂದು ತಾಗಿದರೂ ವಿದ್ಯುತ್ ಅಡ್ಡದಾರಿ ಹಿಡಿಯದೆ ಸುತ್ತು ಹಾಕಿಕೊಂಡೇ ಹೋಗುತ್ತದೆ. ಮೋಟಾರು ಸುಟ್ಟಿತು ಎನ್ನುತ್ತೇವಲ್ಲ, ಸಾಮಾನ್ಯವಾಗಿ ಸುಡುವುದು ಈ ಲೇಪ. ಒಳಗಿನ ತಾಮ್ರ ಕಪ್ಪಾಗಿರುತ್ತದೆ, ಅಷ್ಟೆ. ಅದನ್ನು ಕಿತ್ತು ಗುಜರಿಗೆ ಕೊಟ್ಟರೆ ಕರಗಿ, ಶುದ್ಧವಾಗಿ, ಮತ್ತೆ ತಂತಿಯಾಗಿ ಬರುತ್ತದೆ. ಎಷ್ಟು ಸಲ ಕರಗಿಸಿದರೂ ತಾಮ್ರ ತಾಮ್ರವೇ.

ಇವೆಲ್ಲ ನನಗೆ ಯಾವ ಶಾಲೆಯಲ್ಲೂ ಬಂದ ವಿದ್ಯೆಯಲ್ಲ, ಅತ್ತೆ ಹೇಳಿದ್ದು. ಮೋಟಾರಿನ ಕಬ್ಬಿಣದ ತೋಡುಗಳಲ್ಲಿ, ಅಂದರೆ ಸುರುಳಿ ಕೂರುವ ಸಂದುಗಳಲ್ಲಿ, ಮೊದಲು ದಪ್ಪ ಕಾಗದ ಮಡಿಸಿ ಇಡಬೇಕು, ಆಮೇಲೆ ಸುರುಳಿಯನ್ನು ಎಳೆ ಎಳೆಯಾಗಿ ಒಳಗೆ ಕೂರಿಸಬೇಕು, ದಾರದಿಂದ ಬಿಗಿಯಬೇಕು, ವಾರ್ನಿಷ್ ಸುರಿದು ಒಣಗಿಸಬೇಕು. ಇದೆಲ್ಲ ಅತ್ತೆಯ ಪಾಲಿನ ಕೆಲಸ. ಸುತ್ತುವ ಯಂತ್ರವನ್ನು ಮಾತ್ರ ಮಾವ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕುಳಿತರೆ ಅತ್ತೆಯ ಕೈ ಒಂದು ಕಡೆ, ಬಾಯಿ ಒಂದು ಕಡೆ. ಮನೆಯ ಸಾಮಾನಿನಲ್ಲಿ ಯಾರು ಯಾರಿಗೆ ನೆಂಟರು ಎಂದು ಬಿಡಿಸಿ ಹೇಳುವಳು. "ನಲ್ಲಿ ಹಿತ್ತಾಳೇದು. ತಾಮ್ರಕ್ಕೆ ಸತು ಸೇರಿದ್ರೆ ಹಿತ್ತಾಳೆ. ಬಾಗಿಲ ಗಂಟೆ ಕಂಚಿಂದು, ತಾಮ್ರಕ್ಕೆ ತವರ ಸೇರಿದ್ರೆ ಕಂಚು. ಎರಡೂ ತಾಮ್ರದ ಮಕ್ಕಳೇ, ಆದ್ರೆ ಒಂದು ಬಾಯಿ ಬಿಟ್ರೆ ನೀರು, ಇನ್ನೊಂದು ಬಾಯಿ ಬಿಟ್ರೆ ಗಲಾಟೆ."

"ತಾಮ್ರದ ಚೊಂಬು ಹೊರಗಿಟ್ರೆ ಹಸಿರಾಗುತ್ತಲ್ಲ, ಯಾಕೆ?" ಎಂದರೆ, "ಗಾಳಿ, ನೀರು ತಾಗಿ ಹಾಗಾಗುತ್ತೆ. ಕಬ್ಬಿಣದ ತುಕ್ಕು ಉದುರಿ ಉದುರಿ ಒಳಗೆ ತಿಂತಾ ಹೋಗುತ್ತೆ. ಇದರ ಹಸಿರು ಮೇಲೇ ಕೂತು ಒಳಗಿಂದನ್ನ ಕಾಯುತ್ತೆ. ಆದ್ರೆ ಹುಣಸೇಹುಳಿ ಹಾಕಿದ್ದನ್ನ ಅದರಲ್ಲಿ ಇಡ್ಬೇಡ, ತಾಮ್ರ ಬಿಟ್ಕೊಂಡು ಹೊಟ್ಟೆ ಕೆಡುತ್ತೆ" ಎನ್ನುವಳು. ನಮ್ಮ ಮೈಗೂ ತಾಮ್ರ ಬೇಕಂತೆ, ಬೇಳೆಕಾಳು ಕಡಲೆಬೀಜದಲ್ಲಿ ಸಿಗುವ ಒಂದು ಚೂರು. "ಹಾಗಂತ ತಂತಿ ಅಗೀಬೇಡ ಮತ್ತೆ" ಎಂದು ತಲೆಗೊಂದು ಮೊಟಕುವಳು.

ಒಂದು ಬೆಳಿಗ್ಗೆ ಮಾವನ ಎಣಿಕೆ ನಡುವೆಯೇ ನಿಂತಿತು. ಅಡುಗೆಮನೆಯಲ್ಲಿದ್ದ ಅತ್ತೆ ಸೌಟು ಹಿಡಿದುಕೊಂಡೇ ಮುಂದಿನ ಅಂಕಿಗೆ ಕಾದಳು. ಬರಲಿಲ್ಲ. ಬೇರೆ ಮನೆಗಳಲ್ಲಿ ಏನಾದರೂ ಸದ್ದಾದರೆ ಹೆದರಿ ಓಡುತ್ತಾರೆ, ಅತ್ತೆ ಸದ್ದು ನಿಂತದ್ದಕ್ಕೆ ಓಡಿದಳು. ಮಾವ ಯಂತ್ರದ ಹಿಡಿಯ ಮೇಲೆ ವಾಲಿಕೊಂಡಿದ್ದರು. ಟೈಲರ್ ಅರ್ಧ ಹೊಲಿದ ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡೇ ಆಟೋ ತಂದ.

ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿತ್ತು. ಜೀವ ಉಳಿಯಿತು. ಬಲಗೈ, ಬಲಗಾಲು ಬಿದ್ದವು, ಮಾತು ಪೂರಾ ಹೋಯಿತು. ಡಾಕ್ಟರಮ್ಮ ಒಳ್ಳೆಯವರು, ಸುಳ್ಳು ಆಸೆ ಹುಟ್ಟಿಸಲಿಲ್ಲ. "ಮಾತು ಬರಬಹುದು, ಬರದೇನೂ ಇರಬಹುದು. ಅವರಿಗೆ ಎಷ್ಟು ಅರ್ಥ ಆಗ್ತಿದೆ ಅಂತ ಈಗಲೇ ಹೇಳೋಕಾಗಲ್ಲ. ನೀವಂತೂ ಮಾತಾಡಿಸ್ತಾ ಇರಿ" ಎಂದರು.

ಅತ್ತೆ ಮಾತಾಡಿಸಿಯೇ ಮಾತಾಡಿಸಿದಳು. ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಹೂಂ ಇಲ್ಲ, ಉಹೂಂ ಇಲ್ಲ. ತಿನ್ನಿಸಿದರೆ ತಿನ್ನುವರು, ಕೂರಿಸಿದರೆ ಕೂರುವರು. ನೋಡಲು ಬಂದ ನೆಂಟರು ಮಂಚದ ಪಕ್ಕದಲ್ಲೇ ನಿಂತು, "ಪಾಪ, ಏನೂ ತಿಳಿಯಲ್ವಂತೆ" ಎಂದು ಗಟ್ಟಿಯಾಗಿ ಮಾತಾಡಿಕೊಳ್ಳುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮನುಷ್ಯ ಎದುರಿಗಿರುವಾಗ ಅವನನ್ನು ಹಳೇ ಬೀರುವಿನಂತೆ ಕಂಡು ಮಾತಾಡುವವರ ಮೇಲೆ ನನಗೆ ಈಗಲೂ ಸಿಟ್ಟು ಇಳಿದಿಲ್ಲ.

ಮಾವನ ಅಣ್ಣ ಬಂದವರು ಅತ್ತೆಯನ್ನು ಕೂರಿಸಿಕೊಂಡು ಹೇಳಿದರು. "ನೋಡಮ್ಮ, ಅವನಿಗೆ ನೀನ್ಯಾರು ಅಂತಾನೂ ಗೊತ್ತಾಗ್ತಿಲ್ಲ. ಇಂಥವರನ್ನ ನೋಡ್ಕೊಳ್ಳೋ ಒಳ್ಳೇ ಜಾಗ ಇದೆ, ಅಲ್ಲಿ ಸೇರಿಸೋಣ. ಈ ಅಂಗಡಿ ಬೇರೆಯವರಿಗೆ ಬಿಟ್ಕೊಟ್ಟು ನೀನು ನಮ್ಮ ಜೊತೆ ಬಂದಿರು. ಒಬ್ಳೇ ಎಷ್ಟು ಅಂತ ಒದ್ದಾಡ್ತೀಯ?" ಅವರ ಮಾತಿನಲ್ಲಿ ಕೆಡುಕಿರಲಿಲ್ಲ, ಕಣ್ಣಲ್ಲಿ ನೀರಿತ್ತು. ಅತ್ತೆ, "ಯೋಚನೆ ಮಾಡಿ ಹೇಳ್ತೀನಿ ಭಾವ" ಎಂದಷ್ಟೇ ಅಂದಳು.

ಅವರು ಹೋದ ಮೇಲೆ ಪಾತ್ರೆ ಉಜ್ಜುತ್ತಾ ನನ್ನ ಹತ್ತಿರ ಹೇಳಿದಳು. "ಅವರ ಮಾತು ಸುಳ್ಳು ಅಂತ ಹೇಳೋಕೆ ನನ್ನ ಹತ್ರ ಏನಿದೆ ಹೇಳು? ಮೋಟಾರ್ ಸುಟ್ಟಿದ್ರೆ ಬಿಚ್ಚಿ ನೋಡ್ಬಹುದು, ಒಳಗೆ ತಾಮ್ರ ಇದೆ ಅಂತ ತೋರಿಸ್ಬಹುದು. ಇವರನ್ನ ಹೆಂಗೆ ಬಿಚ್ಚಿ ನೋಡ್ಲಿ? ಒಳಗೆ ಇದ್ದಾರೆ ಅಂತ ಗೊತ್ತಾದ್ರೆ ಸಾಕು ಕಣೇ, ಬದುಕಿರೋವರೆಗೂ ನೋಡ್ಕೋತೀನಿ. ಇಲ್ವೇ ಇಲ್ಲ ಅನ್ನೋದಾದ್ರೆ..." ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾರನೆಯ ದಿನ ಟೈಲರನ್ನು ಕರೆದು ಮಂಚವನ್ನು ಮೇಲಿನಿಂದ ಅಂಗಡಿಗೆ ಇಳಿಸಿದಳು. ಕೆಲಸ ನಿಲ್ಲಿಸಿದರೆ ಹೊಟ್ಟೆಪಾಡು ನಡೆಯದು, ಮೇಲೆ ಒಬ್ಬರೇ ಮಲಗಿದರೆ ಮಾವನನ್ನು ನೋಡುವವರಿಲ್ಲ. ಹಾಗಾಗಿ ಮಂಚ ಯಂತ್ರದ ಪಕ್ಕಕ್ಕೆ ಬಂತು. ಅಷ್ಟು ವರ್ಷ ಯಾರೂ ಮುಟ್ಟದ ಹಿಡಿಗೆ ಅತ್ತೆ ಕೈ ಹಾಕಿದಳು. ಎಡಗೈಯಲ್ಲಿ ತಂತಿ ಹದವಾಗಿ ಬಿಗಿ ಹಿಡಿದು, ಬಲಗೈಯಲ್ಲಿ ತಿರುಗಿಸುತ್ತಾ, ಮಾವನ ಹಾಗೆಯೇ ಬಾಯಿಬಿಟ್ಟು ಎಣಿಸತೊಡಗಿದಳು. ಶುರುವಿಗೆ ತಂತಿ ತುಂಡಾಯಿತು, ಸಡಿಲಾಯಿತು, ಒಂದರ ಮೇಲೊಂದು ಹತ್ತಿಕೊಂಡಿತು. ಅತ್ತೆ ಬಿಚ್ಚಿದಳು, ಸುತ್ತಿದಳು, ಮತ್ತೆ ಬಿಚ್ಚಿದಳು. ಮಾವ ಗೋಡೆ ನೋಡುತ್ತಲೇ ಇದ್ದರು.

ಟೈಲರ್ ಸುಳ್ಳು ಅಂಕಿ ಕೂಗುವುದನ್ನು ಬಿಟ್ಟಿದ್ದ. ರಸ್ತೆಯ ಆಚೆ ತಲೆ ತಗ್ಗಿಸಿ ಹೊಲಿಯುತ್ತಿದ್ದ. ಅದು ನನಗೆ ಎಲ್ಲಕ್ಕಿಂತ ಬೇಸರ ಎನಿಸುತ್ತಿತ್ತು.

ಹೀಗಿರುವಾಗ ಟೈಲರ್ ಬಾಡಿಗೆಗಿದ್ದ ಕಟ್ಟಡದ ನೀರಿನ ಪಂಪು ಸುಟ್ಟು ಅತ್ತೆಯ ಬಳಿಗೆ ಬಂತು. ಆ ಕಟ್ಟಡದವರೆಲ್ಲ ಕೆಳಗಿನ ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಅತ್ತೆ ಸುಟ್ಟ ಸುರುಳಿಗಳನ್ನು ಕತ್ತರಿಸಿ, ಒಂದೊಂದೇ ಎಳೆ ಬಿಡಿಸಿ ಎಣಿಸಿದಳು. ಎಲ್ಲದರಲ್ಲೂ ಎಂಬತ್ತು. ಹಳೆಯ ಸುರುಳಿಯಲ್ಲಿ ಎಷ್ಟಿತ್ತೋ ಹೊಸದರಲ್ಲೂ ಅಷ್ಟೇ ಇರಬೇಕು. "ಎಂಬತ್ತು ಸುತ್ತು ಕಣ್ರೀ" ಎಂದು ಗೋಡೆ ನೋಡುತ್ತಿದ್ದ ಮಾವನಿಗೂ ಹೇಳಿದಳು. ಏನು ಕೆಲಸ ಬಂದರೂ ಅವರಿಗೊಮ್ಮೆ ಹೇಳಿಯೇ ಶುರು ಮಾಡುವುದು ಅವಳ ರೂಢಿ.

ನನಗೆ ಅವತ್ತು ರಜೆ. ಮಂಚದ ಅಂಚಿನಲ್ಲಿ ಕುಳಿತು ಮಾವನಿಗೆ ಗಂಜಿ ಕುಡಿಸುತ್ತಿದ್ದೆ. ಮಧ್ಯಾಹ್ನದ ಬಿಸಿಲು ಅಂಗಡಿಯ ಅರ್ಧದವರೆಗೆ ಬಂದಿತ್ತು. ಅತ್ತೆಯ ಎಣಿಕೆ ಸರಾಗವಾಗಿ ಸಾಗಿತ್ತು. "ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು..."

"ಅಕ್ಕಾ!" ಟೈಲರ್ ಒಳಗೆ ನುಗ್ಗಿದ. ಎರಡು ಕೈಯಲ್ಲೂ ಖಾಲಿ ಬಕೆಟ್ಟು, ಬೆವರು ಇಳಿಯುತ್ತಿತ್ತು. "ಅಕ್ಕಾ, ನೀರು ಇವತ್ತು ಬರುತ್ತೋ ಇಲ್ವೋ? ನಮ್ಮ ಮನೆಯವಳು ನನ್ನನ್ನೇ ಪಂಪು ಮಾಡ್ಕೊಂಡಿದ್ದಾಳೆ!"

ಅತ್ತೆ ಮುಂದಿನ ಸುತ್ತನ್ನು ತಿರುಗಿಸಿ ಮುಗಿಸುತ್ತಲೇ ತಲೆಯೆತ್ತಿ, "ಸಾಯಂಕಾಲಕ್ಕೆ ಆಗುತ್ತಪ್ಪ" ಎಂದಳು. ಎಂದವಳು ತುಟಿ ಕಚ್ಚಿಕೊಂಡಳು. ಕೈ ಹಿಡಿಯ ಮೇಲೆ ಹಾಗೇ ನಿಂತಿತು. ಎಷ್ಟಾಗಿತ್ತು? ಮೂವತ್ತೊಂದೋ? ಐವತ್ತೊಂದೋ? ಆ ಕೆಲಸದಲ್ಲಿರುವವರಿಗೆ ಬರುವ ಸಂಕಟ ಅದು. ಕಣ್ಣೆದುರಿಗೇ ಸುರುಳಿ ಇದೆ, ಎಷ್ಟು ಸುತ್ತಿದೆ ಎಂದು ತಿಳಿಯದು. ಎಲ್ಲ ಬಿಚ್ಚಿ ಮೊದಲಿನಿಂದ ಸುತ್ತಬೇಕು. ಅವಳು ಉಸಿರು ಬಿಟ್ಟು ತಂತಿಯ ತುದಿಗೆ ಕೈ ಹಾಕಿದಳು.

"ನಲವತ್ತ್... ನಲವತ್ತೆರಡು."

ಯಾರು ಹೇಳಿದ್ದೆಂದು ನನಗೆ ಆ ಕ್ಷಣಕ್ಕೆ ತಿಳಿಯಲಿಲ್ಲ. ದನಿ ಒಡೆದಿತ್ತು, ಅರ್ಧ ಬಾಯಿಂದ ಬಂದಂತಿತ್ತು. ಆಮೇಲೆ ನೋಡಿದರೆ ಮಾವನ ತುಟಿಯ ಅಂಚಿನಲ್ಲಿ ಗಂಜಿ ಇಳಿಯುತ್ತಿದೆ, ತುಟಿ ಇನ್ನೂ ಅದುರುತ್ತಿದೆ. ಕಣ್ಣು ಗೋಡೆಯ ಮೇಲಿಲ್ಲ, ಯಂತ್ರದ ಮೇಲಿದೆ.

ನಾನು ಕಿರುಚಬೇಕೆಂದಿದ್ದೆ. ಅತ್ತೆ ಕಡೆಗಣ್ಣಿನಲ್ಲೇ ನನ್ನನ್ನು ಗದರಿಸಿದಳು. ಮಾವನ ಕಡೆ ಅವಳು ತಿರುಗಿ ನೋಡಲೂ ಇಲ್ಲ. ಆಮೇಲೆ ಕೇಳಿದ್ದಕ್ಕೆ, "ನಾನು ನಿಲ್ಸಿದ್ರೆ ಅವರೂ ನಿಲ್ಸಿಬಿಡ್ತಾರೆ ಅಂತ ಭಯ ಆಯ್ತು" ಎಂದಳು. ಹಿಡಿಯನ್ನು ಒಂದು ಸುತ್ತು ತಿರುಗಿಸಿದಳು, ಆದರೆ ಬಾಯಿ ಬಿಡಲಿಲ್ಲ. ಸುಮ್ಮನೆ ಕಾದಳು.

"ನಲವತ್ಮೂರು," ಎಂದರು ಮಾವ.

ಇನ್ನೊಂದು ಸುತ್ತು. "ನಲವತ್ನಾಲ್ಕು." ಟೈಲರ್ ಬಕೆಟ್ಟುಗಳನ್ನು ಸದ್ದಾಗದಂತೆ ನೆಲಕ್ಕಿಟ್ಟ. ಅತ್ತೆ ತಿರುಗಿಸುವಳು, ಮಾವ ಎಣಿಸುವರು. ಅವಳು ನಿಧಾನಿಸಿದರೆ ಅವರೂ ನಿಧಾನಿಸುವರು. ಅವಳ ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ನನಗೋ ಒಂದೇ ಪ್ರಶ್ನೆ. ಇದು ಬರೀ ಬಾಯಿಗೆ ಬಂದ ಉರುವೋ, ಒಳಗಿರುವ ಮಾವನೇ ಹೇಳುತ್ತಿರುವುದೋ? ಬಾಯಿಪಾಠವಾದರೆ ಎಂಬತ್ತು ಮುಗಿದ ಮೇಲೂ ಎಂಬತ್ತೊಂದು, ಎಂಬತ್ತೆರಡು ಎಂದು ಓಡುತ್ತದಲ್ಲವೇ? ಅತ್ತೆಗೂ ಅದೇ ಹೊಳೆದಿರಬೇಕು. ಎಪ್ಪತ್ತು ದಾಟಿದ ಮೇಲೆ ಅವಳು ಹಿಡಿಯನ್ನು ಇನ್ನೂ ನಿಧಾನವಾಗಿ ತಿರುಗಿಸತೊಡಗಿದಳು.

"ಎಪ್ಪತ್ತೊಂಬತ್ತು." ಒಂದು ಸುತ್ತು. "ಎಂಬತ್ತು."

ಅತ್ತೆ ಬೇಕೆಂದೇ ಹಿಡಿಯನ್ನು ಮತ್ತೂ ಒಂದು ಸುತ್ತು ತಿರುಗಿಸಿದಳು.

ಮಾವ ಬಾಯಿ ತೆರೆಯಲಿಲ್ಲ. ಹುಬ್ಬು ಗಂಟಿಕ್ಕಿತು. ಎಡಗೈಯನ್ನು ಮಂಚದಿಂದ ಎತ್ತಿ, ತಂತಿ ಹಾಳುಮಾಡುವವರನ್ನು ಕಂಡರೆ ಹಿಂದೆಲ್ಲ ಮಾಡುತ್ತಿದ್ದರಲ್ಲ, ಹಾಗೆಯೇ "ಥೂ, ಬಿಡು" ಎಂಬಂತೆ ಬೀಸಿದರು.

ಅತ್ತೆ ಯಂತ್ರ ಬಿಟ್ಟು ಎದ್ದು, ಮಂಚದ ಮೇಲೆ ಕುಸಿದು, ಅವರ ಎದೆಗೆ ತಲೆ ಇಟ್ಟು ಅತ್ತಳು. ಅಳುತ್ತಲೇ, "ಇದ್ದೀರಾ ನೀವು, ಇದ್ದೀರಾ" ಎಂದಳು. ಟೈಲರ್ ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡ. ನಾನು ಏನು ಮಾಡುವುದೆಂದು ತೋಚದೆ ತಣ್ಣಗಾದ ಗಂಜಿಯನ್ನು ಕಲಕುತ್ತಿದ್ದೆ. ಜೋರಾಗಿ ನಗಬೇಕು ಎನಿಸುತ್ತಿತ್ತು, ಬರುತ್ತಿದ್ದದ್ದು ಅಳು.

ಸುರುಳಿಯನ್ನು ಅತ್ತೆ ಆಮೇಲೆ ಸೂಜಿಯ ಮೊನೆಯಿಂದ ಎಳೆ ಎಳೆಯಾಗಿ ಬಿಡಿಸಿ ಎಣಿಸಿದಳು. ತಾನು ಬೇಕೆಂದೇ ಹಾಕಿದ ಒಂದು ಸುತ್ತು ಬಿಟ್ಟರೆ ಲೆಕ್ಕ ಸರಿಯಾಗಿತ್ತು. ಸಾಯಂಕಾಲ ಎಂದದ್ದು ಮರುದಿನಕ್ಕೆ ಹೋಯಿತು. ಟೈಲರ್ ಆ ಸಂಜೆಯೂ ನೀರು ಹೊತ್ತ. ಈ ಸಲ ಗೊಣಗಲಿಲ್ಲ.

ಡಾಕ್ಟರಮ್ಮನಿಗೆ ಹೇಳಿದಾಗ ಅವರಿಗೂ ಸಂತೋಷವಾಯಿತು. "ಮಾತು ಹೋದ ಕೆಲವರಿಗೆ ಎಣಿಕೆ, ವಾರದ ಹೆಸರು, ಇಂಥ ರೂಢಿಯ ಮಾತು ಉಳಿದಿರುತ್ತೆ. ಅದನ್ನ ಕಂಡಿದ್ದೀನಿ. ಆದ್ರೆ ಎಲ್ಲಿ ನಿಲ್ಲಿಸ್ಬೇಕು ಅಂತ ಅವರಿಗೆ ಗೊತ್ತಿತ್ತಲ್ಲ, ನೀವು ಹೇಳಿದ್ದನ್ನ ಕೇಳಿಸ್ಕೊಂಡು ನೆನಪಿಟ್ಕೊಂಡಿದ್ರಲ್ಲ, ಅದು ದೊಡ್ಡದು" ಎಂದರು. ಪವಾಡವೇನೂ ಆಗಲಿಲ್ಲ, ಆಯಿತೆಂದು ನಿಮಗೆ ಸುಳ್ಳು ಹೇಳುವುದಿಲ್ಲ. ಮಾವನಿಗೆ ಅತ್ತೆಯ ಹೆಸರು ಇವತ್ತಿಗೂ ಹೇಳಲಾಗುವುದಿಲ್ಲ. ನೀರು ಎನ್ನಲು ಹೋಗಿ ಬೆವರುತ್ತಾರೆ, ಸಿಟ್ಟಾಗುತ್ತಾರೆ, ಒಮ್ಮೊಮ್ಮೆ ಅಳುತ್ತಾರೆ. ಅಂಕಿಗಳು ಮಾತ್ರ ಇವೆ.

ಮಾವನ ಅಣ್ಣ ಮತ್ತೆ ಬಂದಾಗ ಅತ್ತೆ ವಾದಕ್ಕೆ ಇಳಿಯಲಿಲ್ಲ. "ಕೂತ್ಕೊಳ್ಳಿ ಭಾವ, ಒಂದು ಸುರುಳಿ ಸುತ್ತಿ ಬಂದೆ" ಎಂದು ಹಿಡಿಗೆ ಕೈ ಹಾಕಿದಳು. ಮಾವ ಎಣಿಸಿದರು. ಎದುರಿನಿಂದ ಟೈಲರ್, ಎಷ್ಟೋ ಕಾಲದ ಮೇಲೆ, "ತೊಂಬತ್ತೈದು!" ಎಂದು ಕಿರುಚಿದ. ಮಾವ ರಸ್ತೆಯ ಕಡೆ ಒಮ್ಮೆ ದುರುಗುಟ್ಟಿ ನೋಡಿ, "ಇಪ್ಪತ್ತೇಳು" ಎಂದು ತಮ್ಮ ದಾರಿ ಹಿಡಿದರು. ಅಣ್ಣ ಎದ್ದು ಬಂದು ತಮ್ಮನ ಕಾಲ ಬಳಿ ಕುಳಿತರು. ಬೇರೆ ಜಾಗದ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಈಗ ಅಂಗಡಿಯಲ್ಲಿ ಇಬ್ಬರೂ ಕೆಲಸ ಮಾಡುತ್ತಾರೆ. ಅತ್ತೆಯ ಕೈ, ಮಾವನ ಬಾಯಿ. ನಾನು ಹೋದಾಗ ಸುಮ್ಮನೆ ಒಂದು ಮೂಲೆಯಲ್ಲಿ ಕುಳಿತು ಕೇಳುತ್ತೇನೆ. ಮೊನ್ನೆ ಅತ್ತೆ ಸುತ್ತುವುದನ್ನು ಮುಗಿಸಿ ಅಡುಗೆಮನೆಗೆ ಎದ್ದು ಹೋಗಿದ್ದಳು. ಮಾವ ದಿಂಬಿಗೆ ಒರಗಿ, ಸರಿಯಿರುವ ಎಡಗೈಯಿಂದ ಹೊಸ ಸುರುಳಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಎಳೆಗಳನ್ನು ಬೆರಳಲ್ಲಿ ಸರಿಪಡಿಸುತ್ತಿದ್ದರು. ಒಳಗಿನಿಂದ ಪಾತ್ರೆಯ ಸದ್ದು, ಒಗ್ಗರಣೆಯ ವಾಸನೆ.

"ರೀ, ಊಟಕ್ಕೆ ಏಳ್ತೀರಾ?" ಅತ್ತೆ ಕೂಗಿದಳು.

ಮಾವ ಬಾಗಿಲ ಕಡೆ ನೋಡಿದರು. ಬಾಯಿ ತೆರೆದರು, ಮುಚ್ಚಿದರು. ಬೇಕಾದ ಮಾತು ಬರಲಿಲ್ಲ. ಆಮೇಲೆ ಅವರ ಮುಖದಲ್ಲಿ ತುಂಟ ನಗು ಒಂದೇ ಕಡೆಯಿಂದ ಮೂಡಿತು.

"ಐವತ್ತೆರಡು" ಎಂದರು.

ಒಳಗೆ ಪಾತ್ರೆಯ ಸದ್ದು ನಿಂತಿತು. ಆಮೇಲೆ ತಟ್ಟೆಯ ಮೇಲೆ ತಟ್ಟೆ ಮುಚ್ಚಿಟ್ಟ ಸದ್ದು, ಹಿಂದೆಯೇ ಅತ್ತೆಯ ದನಿ ಬಂತು.

"ಆಯ್ತು, ಮುಗಿಸ್ಕೊಂಡು ಬನ್ನಿ."